ಶರತ್ಕಾಲದಲ್ಲಿ ಜೋಡಿಯಾಗಿ 3-4 ದಿನ ಆರಾಮಾಗಿ ಕಳೆಯೋಕೆ ಯುರೋಪಲ್ಲಿ ಯಾವ ಸಿಟಿ ಒಳ್ಳೇದು?

ನನ್ನ ಕೇಳಿದ್ರೆ ಪ್ರಾಗ್, ಅದೂ ಅಕ್ಟೋಬರ್ ಮಧ್ಯದಿಂದ ಕೊನೆವರೆಗೆ. ಬೇಸಿಗೆ ರಶ್ ಸ್ವಲ್ಪ ಇಳಿದಿರುತ್ತೆ, ಪೆಟ್ರಿನ್ ಗುಡ್ಡದ ಮರಗಳೆಲ್ಲ ಹಳದಿ, ಕೆಂಪು ಆಗಿರ್ತವೆ, ಅಲ್ಲಿ ಕೈ ಕೈ ಹಿಡ್ಕೊಂಡು ನಿಧಾನಕ್ಕೆ ಮೇಲೆ ಹತ್ತಿ 1891ರಲ್ಲಿ ಕಟ್ಟಿದ ಟವರ್ ಹತ್ರ ನಿಂತು ಕೆಳಗಿನ ಕೆಂಪು ಹೆಂಚಿನ ಊರು ನೋಡೋದಿದ್ಯಲ್ಲ, ಅದಕ್ಕೇ ಒಂದು ಅರ್ಧ ದಿನ ಇಟ್ಕೊಳ್ಳಿ.

ಚಾರ್ಲ್ಸ್ ಬ್ರಿಡ್ಜ್‌ಗೆ ಮಾತ್ರ ಸೂರ್ಯ ಹುಟ್ಟೋ ಹೊತ್ತಿಗೇ ಹೋಗಿ, ದಯವಿಟ್ಟು. 1357ರಲ್ಲಿ ಶುರುವಾದ ಕಲ್ಲಿನ ಸೇತುವೆ, ಅರ್ಧ ಕಿಲೋಮೀಟರ್ ಉದ್ದ, ಎರಡೂ ಕಡೆ ಸೇರಿ 30 ಪ್ರತಿಮೆ, ಕೆಳಗೆ ವ್ಲ್ಟಾವಾ ನದಿ ಮೇಲೆ ಕೆಲವೊಮ್ಮೆ ಮಂಜು, ಹತ್ತು ಗಂಟೆ ಆದ್ಮೇಲೆ ಜನ ತುಂಬ್ಕೊಂಡು ಆ ಫೀಲ್ ಹೋಗ್ಬಿಡುತ್ತೆ.

ಕೋಟೆ, ಓಲ್ಡ್ ಟೌನ್ ಎಲ್ಲಾ ನಡ್ಕೊಂಡೇ ನೋಡ್ಬಹುದು. ಕಲ್ಲುಹಾಸಿನ ರಸ್ತೆ, ಹಾಗಾಗಿ ಒಳ್ಳೆ ಶೂ ಬೇಕು, ಸಂಜೆ ಚಳಿ ಇರುತ್ತೆ ಜಾಕೆಟ್ ಮರೀಬೇಡಿ. ದಿನಕ್ಕೆ ಒಂದೇ ಜಾಗ ಅಂತ ಪ್ಲಾನ್ ಮಾಡಿ, ಉಳಿದ ಟೈಮ್ ಯಾವ್ದಾದ್ರೂ ಕೆಫೆಲಿ ಕೂತ್ಕೊಳ್ಳಿ. ಹಾ, ಅಕ್ಟೋಬರ್ ಕೊನೇ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತೆ, ಆಮೇಲೆ ಸಂಜೆ 5ರೊಳಗೆ ಸೂರ್ಯ ಮುಳುಗ್ತಾನೆ, ಸನ್‌ಸೆಟ್ ನೋಡೋ ಆಸೆ ಇದ್ರೆ ಇದನ್ನ ಲೆಕ್ಕಕ್ಕೆ ತಗೊಳ್ಳಿ.