ಕನ್ನಡ ಲಿಪಿಯಲ್ಲಿ ಸೂರಾ ಬರೆದುಕೊಟ್ಟು ಕಲಿಸಬಹುದೇ?

ವಅಲೈಕುಮ್ ಸಲಾಮ್ ಆಪಾ. ವಿಜಯಪುರದ ನಿಮ್ಮ ಓಣಿಯಲ್ಲಿ ಕನ್ನಡವಷ್ಟೇ ಓದಬಲ್ಲ, 40 ದಾಟಿದ ಹೆಣ್ಣುಮಕ್ಕಳಿಗೆ ಕನ್ನಡ ಲಿಪಿಯಲ್ಲೇ ಸೂರಾ (ಕುರಾನಿನ ಅಧ್ಯಾಯ) ಬರೆದುಕೊಡಲೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಝಾಲ್, ಝೇ, ಝ್ವಾದ್, ಝೋಯ್ ಅರಬಿಯಲ್ಲಿ 4 ಬೇರೆ ಅಕ್ಷರ, ಕನ್ನಡದಲ್ಲಿ ಬರೆದರೆ ಎಲ್ಲವೂ ‘ಝ’. ಬಾಯಿಗೆ ಕೂತ ತಪ್ಪನ್ನು ಆಮೇಲೆ ಬಿಡಿಸುವುದು ಬಹಳ ಕಷ್ಟ.

ಅರಬಿ ಅಕ್ಷರ ಕಲಿಸುವ ಮೊದಲ ಪುಸ್ತಕ ನೂರಾನಿ ಕಾಯಿದಾದಿಂದಲೇ ಶುರು ಮಾಡಿ, ದಿನಕ್ಕೆ ನಾಲ್ಕೈದು ಅಕ್ಷರ ಸಾಕು. ಬಿಡಿ ಅಕ್ಷರ ಬೇಗ ಬರುತ್ತವೆ. ಕೂಡಿಸಿ ಬರೆದಾಗ ಐನ್ ಅಕ್ಷರಕ್ಕೆ ಪದದ ಮೊದಲಲ್ಲಿ ಒಂದು ರೂಪ, ನಡುವೆ ಇನ್ನೊಂದು, ಕೊನೆಗೆ ಮತ್ತೊಂದು. ಬಹಳ ಮಂದಿ ಅಲ್ಲೇ ಕೈಬಿಡುತ್ತಾರೆ. ಆ ಪಾಠಕ್ಕೆ ಎರಡುಪಟ್ಟು ಸಮಯ ಕೊಡಿ.

ನಮ್ಮ ಕಡೆಯ ದಖನಿ ಉರ್ದು ಮಾತಿನಲ್ಲಿ ಕಲಮ್ ‘ಖಲಮ್’ ಆದಂತೆ, ‘ಕುಲ್ ಹುವಲ್ಲಾಹು’ ಕೂಡ ‘ಖುಲ್’ ಆಗಿಬಿಡುತ್ತದೆ. ಇಲ್ಲಿಯ ‘ಕ’ ಅರಬಿಯ ಕಾಫ್ (ق) ಅಕ್ಷರ, ಅದನ್ನು ಹೇಳುವಾಗ ನಾಲಿಗೆಯ ಬುಡ ಕಿರುನಾಲಿಗೆಯ ಹತ್ತಿರ ಗಟ್ಟಿಯಾಗಿ ತಾಗಿ ಬಿಡಬೇಕು. ಗಾಳಿ ಉಜ್ಜಿಕೊಂಡು ಬಂದರೆ ಅದು ‘ಖ’. ಇದಕ್ಕಾಗಿ ಒಬ್ಬೊಬ್ಬರಿಂದಲೇ ಓದಿಸಿ. ಎಲ್ಲರೂ ಒಟ್ಟಿಗೆ ಓದಿದರೆ ತಪ್ಪು ಗದ್ದಲದಲ್ಲಿ ಮುಚ್ಚಿಹೋಗುತ್ತದೆ.

ಹನಫಿ ಪದ್ಧತಿಯಲ್ಲಿ ಮುಟ್ಟಿನ ದಿನಗಳಲ್ಲಿ ತಿಲಾವತ್ (ಕುರಾನ್ ಓದುವುದು) ಇಲ್ಲ. ಆದರೆ ದುಆ (ಪ್ರಾರ್ಥನೆ), ದರೂದ್ (ಪ್ರವಾದಿಗೆ ಸಲಾಮ್), ಝಿಕ್ರ್ (ಅಲ್ಲಾಹನ ಸ್ಮರಣೆ) ಉಂಟು. ಆ ದಿನಗಳಲ್ಲೂ ಅವರು ಪಾಠಕ್ಕೆ ಬರಲಿ, ಮನೆಯಲ್ಲೇ ಉಳಿಯದಿರಲಿ. ಪಾಠದ ಕೊನೆಯ 15 ನಿಮಿಷ ಅರ್ಥಕ್ಕೆ ಇಡಿ. ಕನ್ನಡ ಬೇಕಾಗುವುದು ಇಲ್ಲೇ. ಮೊದಲ ಸೂರಾ ಫಾತಿಹಾದ 7 ಆಯತ್ (ವಚನ), ವಾರಕ್ಕೊಂದು. ದಿನವೂ ಓದುವ ಮಾತಿನ ಅರ್ಥ ತಿಳಿದರೆ ನಮಾಝಿನಲ್ಲಿ ಮನಸ್ಸು ನಿಲ್ಲುತ್ತದೆ.

ಪಾಠದ ವೇಳೆ ಝುಹರ್ (ಮಧ್ಯಾಹ್ನದ ನಮಾಝ್) ಆದಮೇಲೆ ಇಡಿ, ಅಸರ್ (ಇಳಿಹೊತ್ತಿನ ನಮಾಝ್) ಹೊತ್ತಿಗೆ ಮಕ್ಕಳು ಶಾಲೆಯಿಂದ ಬರುತ್ತಾರೆ.