ಓದುಗರ ಪ್ರಶ್ನೆ: ಮಾರ್ಚ್ ಮ್ಯಾಡ್ನೆಸ್‌ನ ಬ್ರ್ಯಾಕೆಟ್ ತುಂಬುವುದು ಹೇಗೆ?

ಪ್ರ: ಅಮೆರಿಕದಲ್ಲಿರುವ ಮಗನ ಆಫೀಸಿನಲ್ಲಿ ಮಾರ್ಚ್ ಬಂತೆಂದರೆ ಎಲ್ಲರೂ ಕಾಲೇಜ್ ಬ್ಯಾಸ್ಕೆಟ್‌ಬಾಲ್ ಬ್ರ್ಯಾಕೆಟ್ ತುಂಬುತ್ತಾರಂತೆ. ನಮಗೂ ಒಂದು ಕಳಿಸುತ್ತೇನೆ ಅಂದಿದ್ದಾನೆ. ತಂಡಗಳ ಹೆಸರೇ ಗೊತ್ತಿಲ್ಲ, ಎಲ್ಲಿಂದ ಶುರು ಮಾಡುವುದು? (ಓದುಗರು, ಮೈಸೂರು)

ಉ: ಮಾರ್ಚ್ ಮ್ಯಾಡ್ನೆಸ್ ಅಂದರೆ ಅಮೆರಿಕದ ಕಾಲೇಜ್ ಬ್ಯಾಸ್ಕೆಟ್‌ಬಾಲ್‌ನ ನಾಕೌಟ್ ಟೂರ್ನಿ; ಅದರ ಪ್ರತಿ ಪಂದ್ಯ ಯಾರು ಗೆಲ್ಲುತ್ತಾರೆಂದು ಮೊದಲೇ ಊಹಿಸಿ ತುಂಬುವ ನಕ್ಷೆಯೇ ಬ್ರ್ಯಾಕೆಟ್. ಚಾಂಪಿಯನ್‌ನಿಂದಲೇ ಶುರು ಮಾಡಿ. ಹೆಚ್ಚಿನ ಕಡೆ ಮೊದಲ ಸುತ್ತಿನ ಸರಿಯಾದ ಊಹೆಗೆ 1 ಅಂಕ, ಮುಂದೆ ಸುತ್ತು ಸುತ್ತಿಗೂ ಇಮ್ಮಡಿ: 2, 4, 8, 16, ಫೈನಲ್‌ಗೆ 32. ಮೊದಲ ಸುತ್ತಿನ 32 ಪಂದ್ಯಗಳೂ ಸರಿಯಾದರೆ ಎಷ್ಟು ಅಂಕವೋ, ಚಾಂಪಿಯನ್ ತಂಡವೊಂದನ್ನು ಸರಿಯಾಗಿ ಹೇಳಿದರೂ ಅಷ್ಟೇ ಅಂಕ. ಹೊಸಬರು ಎಡವುವುದು ಇಲ್ಲೇ. ಮೊದಲ ಸುತ್ತಿನ ಅಚ್ಚರಿಗಳನ್ನು ಹುಡುಕುತ್ತಾ ಹೊತ್ತು ಕಳೆದು, ಫೈನಲ್‌ಗೆ ಯಾವುದೋ ಹೆಸರು ಗೀಚಿಬಿಡುತ್ತಾರೆ.

ಹೆಸರಿನ ಪಕ್ಕದ ಸಂಖ್ಯೆ ಸೀಡ್, ಅಂದರೆ ತಂಡದ ಶ್ರೇಯಾಂಕ; 1 ಎಲ್ಲಕ್ಕಿಂತ ಮೇಲು. ನಾಲ್ಕು ವಿಭಾಗ, ಪ್ರತಿಯೊಂದರಲ್ಲೂ 1ರಿಂದ 16. ಮೊದಲ ಸುತ್ತಿನಲ್ಲಿ 1ಕ್ಕೆ 16, 5ಕ್ಕೆ 12, ಹೀಗೆ ಎದುರಾಳಿಗಳ ಸೀಡ್ ಕೂಡಿದರೆ 17 ಬರುತ್ತದೆ. 1985ರಿಂದ 2017ರವರೆಗೆ 1ನೇ ಸೀಡ್‌ಗಳು ಮೊದಲ ಸುತ್ತಿನ 132 ಪಂದ್ಯಗಳಲ್ಲಿ ಒಂದನ್ನೂ ಸೋತಿರಲಿಲ್ಲ. 2018ರಲ್ಲಿ ಯುಎಂಬಿಸಿ ತಂಡ ವರ್ಜೀನಿಯಾವನ್ನು 74–54ರಿಂದ ಮಣಿಸಿತು, 2023ರಲ್ಲಿ ಫೇರ್ಲೀ ಡಿಕಿನ್ಸನ್ ಪರ್ಡ್ಯೂವನ್ನು 63–58ರಿಂದ. ಹಾಗೆಂದು 16ನ್ನು ನಂಬಿ ಬರೆಯಬೇಡಿ. ಅಚ್ಚರಿ ಬೇಕೇ ಬೇಕೆಂದರೆ ಒಂದು 12ನೇ ಸೀಡ್ ಆರಿಸಿ. ಅವು ಸುಮಾರು ಮೂರು ಪಂದ್ಯಕ್ಕೆ ಒಂದು ಗೆಲ್ಲುತ್ತವೆ. 2025ರಲ್ಲಿ ಮೆಕ್‌ನೀಸ್, ಕೊಲೊರಾಡೊ ಸ್ಟೇಟ್ ಎರಡೂ ಗೆದ್ದವು. ಆದರೆ ಅದನ್ನು ಎರಡನೇ ಸುತ್ತಿನಾಚೆಗೆ ಕಳಿಸಬೇಡಿ.

ನಾಲ್ಕೂ 1ನೇ ಸೀಡ್‌ಗಳನ್ನು ಸೆಮಿಫೈನಲ್‌ಗೆ ಏರಿಸುವುದೂ ಬೇಡ. 2025ರವರೆಗೆ ಹಾಗಾದದ್ದು ಎರಡೇ ಸಲ, 2008 ಮತ್ತು 2025ರಲ್ಲಿ. 2023ರಲ್ಲಂತೂ 1, 2, 3ನೇ ಸೀಡ್‌ನ ಒಂದು ತಂಡವೂ ಅಲ್ಲಿಗೆ ಮುಟ್ಟಲಿಲ್ಲ. ಎರಡು 1, ಒಂದು 2, ಒಂದು 3 ಅಥವಾ 4 ಇಟ್ಟರೆ ಹದವಾಗಿರುತ್ತದೆ.

ತಂಡಗಳ ಪಟ್ಟಿ ಭಾನುವಾರ ಸಂಜೆ ಹೊರಬೀಳುತ್ತದೆ, ನಮಗದು ಸೋಮವಾರ ನಸುಕು. ಗುರುವಾರ ರಾತ್ರಿ ಒಂಬತ್ತೂವರೆಯೊಳಗೆ ತುಂಬಿ ಕಳಿಸಿಬಿಡಿ. ಮೊದಲ ಪಂದ್ಯ ಶುರುವಾದ ಮೇಲೆ ತಿದ್ದಲಾಗದು. ಈ 64 ತಂಡಗಳಲ್ಲಿ ಕೊನೆಯ ಜಾಗಗಳಿಗಾಗಿ ಮಂಗಳವಾರ, ಬುಧವಾರ ಡೇಟನ್‌ನಲ್ಲಿ ನಡೆಯುವ ಪ್ರವೇಶ ಪಂದ್ಯಗಳನ್ನು ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಪ್ರ: ಹೆಚ್ಚು ಪಂದ್ಯ ಗೆದ್ದ ತಂಡ ಹೊರಗುಳಿದು, ಕಡಿಮೆ ಗೆದ್ದದ್ದು ಒಳಗೆ ಬರುವುದು ಹೇಗೆ? (ಓದುಗರು, ಹುಬ್ಬಳ್ಳಿ)

ಉ: ಒಳಬರಲು ಎರಡು ದಾರಿ. 2025ರ 68 ತಂಡಗಳಲ್ಲಿ 31 ತಮ್ಮ ಕಾನ್ಫರೆನ್ಸ್ (ಕಾಲೇಜುಗಳ ಲೀಗ್) ಟೂರ್ನಿ ಗೆದ್ದು ನೇರವಾಗಿ ಬಂದವು; ಉಳಿದ 37ನ್ನು ಸಮಿತಿ ಆರಿಸಿತು. ಸಮಿತಿ ನೋಡುವುದು ಬರೀ ಗೆಲುವಿನ ಎಣಿಕೆಯನ್ನಲ್ಲ, ಯಾರ ಮೇಲೆ, ಎಲ್ಲಿ ಗೆದ್ದಿರಿ ಎಂಬುದನ್ನು. ‘ನೆಟ್’ ಎಂಬ ಶ್ರೇಯಾಂಕ ಪಟ್ಟಿಯ 30ರೊಳಗಿನ ತಂಡವನ್ನು ತವರಲ್ಲಿ, 50ರೊಳಗಿನದನ್ನು ತಟಸ್ಥ ಅಂಗಳದಲ್ಲಿ, 75ರೊಳಗಿನದನ್ನು ಅವರೂರಲ್ಲೇ ಸೋಲಿಸಿದರೆ ಅದು ಮೊದಲ ದರ್ಜೆಯ ಗೆಲುವು.

2024ನ್ನೇ ನೋಡಿ. ಎನ್‌ಸಿ ಸ್ಟೇಟ್ ಐದು ದಿನದಲ್ಲಿ ಐದು ಪಂದ್ಯ ಗೆದ್ದು ಕಾನ್ಫರೆನ್ಸ್ ಪ್ರಶಸ್ತಿ ಪಡೆಯಿತು, 11ನೇ ಸೀಡ್ ಆಗಿ ಬಂದು ಸೆಮಿಫೈನಲ್ ತಲುಪಿತು. ಇಂಡಿಯಾನಾ ಸ್ಟೇಟ್ 28 ಗೆದ್ದು 6 ಸೋತಿತ್ತು, ಆದರೆ ಕಾನ್ಫರೆನ್ಸ್ ಫೈನಲ್‌ನಲ್ಲಿ ಡ್ರೇಕ್‌ಗೆ ಸೋತದ್ದೇ ಮುಳುವಾಯಿತು. ಅಂಥ ತಂಡಕ್ಕೆ ಜಾಗ ಸಿಗಲೇಬೇಕಿತ್ತು ಎಂಬುದು ನಮ್ಮ ಖಚಿತ ಅಭಿಪ್ರಾಯ. ಅದು, ಇಲ್ಲಿ ಜಾಗ ಸಿಗದ ತಂಡಗಳು ಆಡುವ 32 ತಂಡಗಳ ಎನ್‌ಐಟಿ ಟೂರ್ನಿಗೆ ಹೋಗಿ ಫೈನಲ್‌ನಲ್ಲಿ ಸೀಟನ್ ಹಾಲ್‌ಗೆ 79–77ರಲ್ಲಿ ಸೋತಿತು. ಎನ್‌ಐಟಿಯನ್ನು ಕಡೆಗಣಿಸಬೇಡಿ, 1938ರಲ್ಲೇ ಶುರುವಾದ ಅದು ಈ ಟೂರ್ನಿಗಿಂತ ಒಂದು ವರ್ಷ ಹಿರಿಯದು.

ಪ್ರ: ಸೋಲುತ್ತಿರುವ ತಂಡ ಕೊನೆಯಲ್ಲಿ ಬೇಕೆಂದೇ ಫೌಲ್ ಮಾಡುತ್ತದಲ್ಲ, ಯಾಕೆ? (ಓದುಗರು, ಮಂಗಳೂರು)

ಉ: ಗಡಿಯಾರ ನಿಲ್ಲಿಸಲು. ಶಾಟ್ ಕ್ಲಾಕ್, ಅಂದರೆ ಚೆಂಡು ಸಿಕ್ಕ ತಂಡ ಬುಟ್ಟಿಗೆ ಎಸೆಯಲು ಇರುವ ಗಡುವು, 30 ಸೆಕೆಂಡ್. 40 ಸೆಕೆಂಡ್ ಉಳಿದಿರುವಾಗ ಸುಮ್ಮನಿದ್ದರೆ ಎದುರಾಳಿ 30 ಸೆಕೆಂಡನ್ನೂ ತಿಂದುಹಾಕುತ್ತಾನೆ. ಪುರುಷರ ಕಾಲೇಜ್ ಆಟದಲ್ಲಿ 20 ನಿಮಿಷದ ಒಂದು ಅವಧಿಯಲ್ಲಿ ತಂಡದ 7ನೇ ಫೌಲ್‌ನಿಂದ 9ರವರೆಗೆ ಮೊದಲ ಫ್ರೀ ಥ್ರೋ (ಯಾರೂ ತಡೆಯದ, ಒಂದು ಅಂಕದ ಎಸೆತ) ಬುಟ್ಟಿಗೆ ಬಿದ್ದರಷ್ಟೇ ಎರಡನೆಯದು. 10ರಿಂದ ಎರಡೂ ಖಚಿತ. ನೂರಕ್ಕೆ 70 ಹಾಕುವ ಆಟಗಾರನಿಂದ ಮೊದಲ ಬಗೆಯಲ್ಲಿ ಸರಾಸರಿ 1.19 ಅಂಕ ಬಂದರೆ, ಎರಡನೆಯದರಲ್ಲಿ 1.4. ಆದ್ದರಿಂದ 7ರಿಂದ 9ರ ನಡುವೆ, ಫ್ರೀ ಥ್ರೋದಲ್ಲಿ ಎಡವುವವನನ್ನೇ ಹುಡುಕಿ ಫೌಲ್ ಮಾಡುತ್ತಾರೆ. ಮೊದಲನೆಯದು ತಪ್ಪಿದರೆ ಚೆಂಡು ಆಟದಲ್ಲೇ ಇರುತ್ತದೆ, ರೀಬೌಂಡ್ ಹಿಡಿದರೆ ತಮ್ಮದೇ.

ಕೆಡುವುದು ಅವಸರದಲ್ಲಿ. ಚೆಂಡಿಗೆ ಕೈಹಾಕದೆ ಹಿಂದಿನಿಂದ ಜೆರ್ಸಿ ಹಿಡಿದೆಳೆದರೆ ರೆಫರಿ ಅದನ್ನು ಫ್ಲೇಗ್ರಂಟ್ (ಗಂಭೀರ ಫೌಲ್) ಎನ್ನಬಹುದು: ಎರಡು ಫ್ರೀ ಥ್ರೋ ಕೊಟ್ಟು, ಚೆಂಡನ್ನೂ ಎದುರಾಳಿಗೇ ಒಪ್ಪಿಸುತ್ತಾರೆ.