ಅಮೆರಿಕದ ಯಹೂದಿಗಳು ಬೆಳೆದ ಮಕ್ಕಳನ್ನು ಸಿನಗಾಗ್ ಜೊತೆ ಹೇಗೆ ಉಳಿಸಿಕೊಳ್ಳುತ್ತಾರೆ?

ನಿಮ್ಮ ಕನ್ನಡ ಕೂಟದಲ್ಲಿ ಹದಿಮೂರು ಹದಿನಾಲ್ಕು ದಾಟಿದ ಮಕ್ಕಳು ಕಾಣಿಸುವುದೇ ಇಲ್ಲ, ಕಾಲೇಜಿಗೆ ಹೋದರಂತೂ ಮುಗಿದೇ ಹೋಯಿತು, ಯಹೂದಿಗಳು ಇದನ್ನು ಹೇಗೆ ನಿಭಾಯಿಸುತ್ತಾರೆ ಅಂತ ಕೇಳಿದ್ದೀರಿ. ನನ್ನ ಹೆಂಡತಿ ಯಹೂದಿ. ಮಕ್ಕಳಿಬ್ಬರೂ ನ್ಯೂಜೆರ್ಸಿಯ ಒಂದು ಸಣ್ಣ ಸಿನಗಾಗ್‌ನಲ್ಲಿ (ಯಹೂದಿಗಳ ಪ್ರಾರ್ಥನಾ ಮಂದಿರ) ಬೆಳೆದವರು. ನಾನು ಮತ ಬದಲಿಸಿಲ್ಲ, ಆದರೆ ಕುರ್ಚಿ ಹಾಕುವುದಕ್ಕೆ, ಪಾತ್ರೆ ತೊಳೆಯುವುದಕ್ಕೆ ಸದಾ ಅಲ್ಲಿರುತ್ತೇನೆ. ಕಂಡಿದ್ದನ್ನು ಹೇಳುತ್ತೇನೆ.

ಅವರಿಗೂ ಇದೇನು ಬಗೆಹರಿದ ಸಮಸ್ಯೆ ಅಲ್ಲ. ಹದಿಮೂರಕ್ಕೆ ಬಾರ್ ಮಿಟ್ಸ್ವಾ, ಅಂದರೆ ಧರ್ಮದ ಲೆಕ್ಕದಲ್ಲಿ ದೊಡ್ಡವರಾದರು ಅನ್ನುವ ಸಂಸ್ಕಾರ. ಅದಕ್ಕಾಗಿ ತಿಂಗಳುಗಟ್ಟಲೆ ಹೀಬ್ರೂ ಕಲಿತು, ಎಲ್ಲರೆದುರು ಧರ್ಮಗ್ರಂಥ ತೋರಾ ಓದಿ, ಪಾರ್ಟಿ ಮುಗಿಸಿ ಹುಡುಗ ಮಾಯ. ಉಪನಯನ ಆದ ಮಾರನೇ ತಿಂಗಳೇ ಸಂಧ್ಯಾವಂದನೆ ಬಿಟ್ಟ ಹಾಗೆ. ಅವರೇ ಹೇಳಿಕೊಂಡು ನಗುವ ಒಂದು ಹಳೇ ಜೋಕ್ ಇದೆ: ಸಿನಗಾಗ್ ತುಂಬಾ ಇಲಿ, ಏನು ಮಾಡಿದರೂ ಹೋಗಲಿಲ್ಲ. ಕೊನೆಗೆ ಅಲ್ಲಿನ ಧರ್ಮಗುರು ರಬ್ಬಿ ಎಲ್ಲಾ ಇಲಿಗಳಿಗೂ ಬಾರ್ ಮಿಟ್ಸ್ವಾ ಮಾಡಿಸಿದರಂತೆ. ಮತ್ತೆ ಒಂದೂ ಆ ಕಡೆ ತಲೆ ಹಾಕಲಿಲ್ಲ.

ನೂರು ವರ್ಷದಿಂದ ಅವರು ಇದಕ್ಕೆ ಸಂಸ್ಥೆ ಕಟ್ಟುತ್ತಲೇ ಬಂದಿದ್ದಾರೆ. ಕಾಲೇಜು ಮಕ್ಕಳ ಸಂಸ್ಥೆ ಹಿಲೆಲ್ ಶುರುವಾಗಿದ್ದು 1923ರಲ್ಲಿ, ಇಲಿನಾಯ್ ವಿಶ್ವವಿದ್ಯಾಲಯದಲ್ಲಿ. ಈಗ ನೂರಾರು ಕ್ಯಾಂಪಸ್‌ಗಳಲ್ಲಿದೆ. ಬೇಸಿಗೆ ಕ್ಯಾಂಪುಗಳಿವೆ, ಹೈಸ್ಕೂಲು ಮಕ್ಕಳ ಸಂಘಗಳಿವೆ. 1999ರಿಂದ ಬರ್ತ್‌ರೈಟ್ ಅಂತ ಇಸ್ರೇಲಿಗೆ ಪುಕ್ಕಟೆ ಪ್ರವಾಸವೂ ಇದೆ. ಇಷ್ಟಾದರೂ ಪ್ಯೂ ಸಂಸ್ಥೆಯ 2020ರ ಸಮೀಕ್ಷೆಯಲ್ಲಿ ಮೂವತ್ತರೊಳಗಿನ ಯಹೂದಿಗಳಲ್ಲಿ ನೂರಕ್ಕೆ ಸುಮಾರು 40 ಮಂದಿ ತಮಗೆ ಧರ್ಮ ಯಾವುದೂ ಇಲ್ಲ ಅಂದಿದ್ದಾರೆ. ಇನ್ನೊಂದು ವಿಷಯ ಗಮನಿಸಿ. ಇವೆಲ್ಲ ಹುಡುಗರನ್ನು ಯಹೂದಿಗಳಾಗಿ ಉಳಿಸಬಹುದು. ಆದರೆ ಅವರು ಹುಟ್ಟಿ ಬೆಳೆದ ಊರಿನ ಸಿನಗಾಗ್ ಜೊತೆ ನಂಟು ಉಳಿಯಬೇಕಾದರೆ ಆ ಸಿನಗಾಗೇ ಕೈ ಹಾಕಬೇಕು.

ನಮ್ಮಲ್ಲಿ ಕೆಲಸ ಮಾಡಿದ್ದು ಪಿಜ್ಜಾ ನೈಟ್ ಅಲ್ಲ. ಪಿಜ್ಜಾ ತಿನ್ನೋಕೆ ಸಿನಗಾಗೇ ಬೇಕಾ? ಕೆಲಸ ಮಾಡಿದ್ದು ಮಿನ್ಯಾನ್, ಅಂದರೆ ಪ್ರಾರ್ಥನೆಗೆ ಸೇರಬೇಕಾದ ಹತ್ತು ಜನರ ಗುಂಪು. ಯಾರಾದರೂ ತೀರಿಕೊಂಡರೆ ಮನೆಯವರು ಏಳು ದಿನ ಶಿವಾ ಕೂರುತ್ತಾರೆ, ಅಂದರೆ ಮನೆಯಲ್ಲೇ ಕೂತು ಶೋಕ ಆಚರಿಸುತ್ತಾರೆ. ಸಂಜೆ ಅವರ ಮನೆಯಲ್ಲೇ ಪ್ರಾರ್ಥನೆ. ಸತ್ತವರಿಗಾಗಿ ಕಡ್ಡಿಶ್ ಪ್ರಾರ್ಥನೆ ಹೇಳಬೇಕಾದರೆ ಹತ್ತು ಜನ ಬೇಕು. ಹದಿಮೂರು ತುಂಬಿದ ಯಹೂದಿಗಳೆಲ್ಲ ಆ ಲೆಕ್ಕಕ್ಕೆ ಬರುತ್ತಾರೆ. ಸಂಪ್ರದಾಯಸ್ಥರಲ್ಲಿ ಗಂಡಸರು ಮಾತ್ರ, ನಮ್ಮಲ್ಲಿ ಹೆಂಗಸರೂ. ಒಂದು ಚಳಿಗಾಲದ ಸಂಜೆ ನನ್ನ ಮಗಳಿಗೇ ನೇರವಾಗಿ ಮೆಸೇಜ್ ಬಂತು: ಒಂಬತ್ತು ಜನ ಇದ್ದೀವಿ, ಬರ್ತೀಯಾ? ಗಣಿತದ ಹೋಮ್‌ವರ್ಕ್ ಅಲ್ಲೇ ಬಿಟ್ಟು ಕೋಟು ಹಾಕಿಕೊಂಡಳು. ಕಾರು ಓಡಿಸಿದವನು ನಾನು. ನಾನೂ ಒಳಗೆ ಹೋಗಿ ನಿಂತೆ, ಆದರೆ ನನ್ನನ್ನು ಎಣಿಸುವ ಹಾಗಿಲ್ಲವಲ್ಲ. ಹತ್ತನೆಯವಳು ಅವಳೇ. ಗಂಡನನ್ನು ಕಳೆದುಕೊಂಡ ಅಜ್ಜಿ ಅವಳು ಒಳಗೆ ಬಂದ ಮೇಲೆಯೇ ಪುಸ್ತಕ ತೆರೆದರು. ಅದಾದ ಮೇಲೆ ಸಿನಗಾಗ್‌ಗೆ ಹೋಗು ಅಂತ ಅವಳಿಗೆ ಹೇಳುವ ಪ್ರಮೇಯ ಬರಲಿಲ್ಲ.

ಹಾಗೇ ಚಿಕ್ಕ ಮಕ್ಕಳ ಭಾನುವಾರದ ತರಗತಿಗೆ ಹೈಸ್ಕೂಲು ಹುಡುಗರನ್ನು ಸಹಾಯಕರಾಗಿ ಇಟ್ಟುಕೊಳ್ಳುತ್ತಾರೆ. ಕೈಗೆ ಒಂದಿಷ್ಟು ದುಡ್ಡೂ ಕೊಡುತ್ತಾರೆ. ದುಡ್ಡು ಕೊಡಬೇಕು ಅನ್ನುವುದೇ ನನ್ನ ಅಭಿಪ್ರಾಯ, ಸುಮ್ನೆ ಸೇವೆ ಸೇವೆ ಅಂದರೆ ಯಾರೂ ಜಾಸ್ತಿ ದಿನ ನಿಲ್ಲುವುದಿಲ್ಲ.

ಕಾಲೇಜಿನದು ಬೇರೆ ಕಥೆ. ವರ್ಷದ ದೊಡ್ಡ ಹಬ್ಬಗಳಾದ ರೋಶ್ ಹಶಾನಾ, ಯೋಮ್ ಕಿಪ್ಪೂರ್ ಬರುವುದೇ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ, ಸೆಮಿಸ್ಟರ್ ಆಗತಾನೆ ಶುರುವಾಗಿರುತ್ತೆ. ಬರೋಕಾಗಲ್ಲ. ಅದರ ಮೇಲೆ ಸಿನಗಾಗ್ ಆಫೀಸಿನ ಪಟ್ಟಿಯಲ್ಲಿ ಇರುವುದು ಅಪ್ಪ ಅಮ್ಮನ ನಂಬರ್ ಮಾತ್ರ. ನಮ್ಮವರು ಈಗ ಹನ್ನೆರಡನೇ ತರಗತಿಯಲ್ಲೇ ಮಕ್ಕಳ ಸ್ವಂತ ನಂಬರ್, ಮುಂದೆ ಹಾಸ್ಟೆಲ್ ವಿಳಾಸ ತೆಗೆದುಕೊಳ್ಳುತ್ತಾರೆ. ಪೂರಿಮ್ ಹಬ್ಬಕ್ಕೆ ಹಮಂತಾಶನ್ ಕಳಿಸುತ್ತಾರೆ. ಗಸಗಸೆಯದೋ ಜಾಮಿನದೋ ಹೂರಣ ತುಂಬಿದ ಮೂರು ಮೂಲೆಯ ಬಿಸ್ಕತ್ತು ಅದು. ಬೇಯಿಸಿ ಡಬ್ಬ ಕಟ್ಟುವವರು ಒಂಬತ್ತು-ಹತ್ತನೇ ತರಗತಿಯ ಮಕ್ಕಳು. ಮುಂದೆ ತಮಗೂ ಡಬ್ಬ ಬರುತ್ತೆ ಅಂತ ಅವರಿಗೆ ಗೊತ್ತಿರುತ್ತೆ. ರಬ್ಬಿ ಆ ಕಡೆ ಹೋದರೆ ಹುಡುಗರನ್ನು ಊಟಕ್ಕೆ ಕರೆದುಕೊಂಡು ಹೋಗುತ್ತಾರೆ. ಪ್ರಾರ್ಥನೆಗೆ ಹೋಗ್ತೀಯಾ ಅಂತ ಮಾತ್ರ ಕೇಳುವುದಿಲ್ಲ. ಥ್ಯಾಂಕ್ಸ್‌ಗಿವಿಂಗ್ ರಜೆಗೆ ಎಲ್ಲರೂ ಊರಿಗೆ ಬಂದಿರುತ್ತಾರಲ್ಲ, ಆ ಶುಕ್ರವಾರ ರಾತ್ರಿಯ ಶಬ್ಬಾತ್ (ವಾರದ ವಿಶ್ರಾಂತಿ ದಿನ) ಊಟ ಆ ಕಾಲೇಜು ಹುಡುಗರದೇ.

ಇಸ್ರೇಲ್ ವಿಷಯಕ್ಕೆ ಹಿರಿಯರಿಗೂ ಹುಡುಗರಿಗೂ ಜಗಳ ಆಗುತ್ತೆ, 2023ರ ಅಕ್ಟೋಬರಿನಲ್ಲಿ ಹಮಾಸ್ ದಾಳಿ ಆಗಿ ಗಾಜಾ ಯುದ್ಧ ಶುರುವಾದ ಮೇಲಂತೂ ಇನ್ನೂ ಜಾಸ್ತಿ. ಬಾಯಿ ಮುಚ್ಚಿಸಿದ ಕಡೆ ಹುಡುಗರು ಮತ್ತೆ ಬರಲ್ಲ, ಅಷ್ಟೇ.

ನಿಮ್ಮ ಕೂಟಕ್ಕೆ ಬಂದರೆ, ಮುಂದಿನ ರಾಜ್ಯೋತ್ಸವದ ಬಜೆಟ್ಟು, ಸ್ಟೇಜು ಎರಡನ್ನೂ ಹದಿನಾರರ ಹುಡುಗಿಯೊಬ್ಬಳ ಕೈಗೆ ಕೊಟ್ಟು ನೋಡಿ. ಅವಳ ಕನ್ನಡ ತಪ್ಪಿದರೂ ಯಾರೂ ಮೈಕ್ ಕಿತ್ತುಕೊಳ್ಳಬಾರದು. ಇದಕ್ಕೆ ಮಕ್ಕಳು ಒಪ್ಪುತ್ತಾರೆ. ಕಮಿಟಿಯ ಅಂಕಲ್‌ಗಳನ್ನು ಒಪ್ಪಿಸುವುದು ನಿಮಗೆ ಬಿಟ್ಟಿದ್ದು.